ಮೊದಲ ಕ್ಯಾಮರಾ: ಅಲ್ಪವ್ಯಯದ ಒಂದು ವಿವೇಚನೆ

ಕ್ಯಾಮರಾ ಎಂಬ ಶಬ್ದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಕೋಣೆ ಎಂದು ಅರ್ಥ. ಕತ್ತಲೆಗೋಣೆಯ ಗೋಡೆಯಲ್ಲಿ ಚಿಕ್ಕದೊಂದು ರಂಧ್ರವಿದ್ದರೆ, ಹೊರಗಿನ ಬೆಳಗಿದ ದೃಶ್ಯವು ಒಳಗಿನ ಎದುರುಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ರಾಜಗೋಪುರದ ಬಿಂಬವು ತಲೆಕೆಳಗಾಗಿ ಬೀಳುವುದನ್ನು ಕಂಡು ಯಾತ್ರಿಕರು ಬೆರಗಾಗುತ್ತಾರೆ. ಅಲ್ಲಿ ನಡೆಯುವ ವ್ಯಾಪಾರವೂ ಇದೇ. ಆ ಕೋಣೆಯನ್ನು ಅಂಗೈಯಗಲಕ್ಕೆ ಇಳಿಸಿ, ರಂಧ್ರದ ಸ್ಥಾನದಲ್ಲಿ ಮಸೂರವನ್ನೂ ಗೋಡೆಯ ಸ್ಥಾನದಲ್ಲಿ ಬೆಳಕನ್ನು ಹಿಡಿದಿಡುವ ಫಲಕವನ್ನೂ ಇರಿಸಿದರೆ ಅದೇ ಕ್ಯಾಮರಾ. 'ಫೋಟೋಗ್ರಫಿ' ಎಂಬ ಗ್ರೀಕ್ ಮೂಲದ ಪದವು ಬೆಳಕಿನ ಬರಹವೆಂದು ಹೇಳಿದರೆ, ಕನ್ನಡದ 'ಛಾಯಾಚಿತ್ರ'ವು ನೆರಳಿನ ಚಿತ್ರವೆಂದು ಹೇಳುವಂತೆ ತೋರುತ್ತದೆ. ಆದರೆ ಅಮರಕೋಶವು 'ಛಾಯಾ' ಶಬ್ದಕ್ಕೆ ನೆರಳಿನೊಡನೆ ಕಾಂತಿ, ಪ್ರತಿಬಿಂಬ ಎಂಬ ಅರ್ಥಗಳನ್ನೂ ಕೊಟ್ಟಿರುವುದರಿಂದ ಎರಡು ಪದಗಳಿಗೂ ವಿರೋಧವಿಲ್ಲ. ಈ ಶಬ್ದಚರ್ಚೆಯು ಇಲ್ಲಿ ಕೇವಲ ವಿನೋದಕ್ಕಲ್ಲ. ಕ್ಯಾಮರಾ ಎಷ್ಟೇ ಬೆಲೆಯದಾಗಲಿ, ಅದರಲ್ಲಿ ಇರುವುದು ಪೆಟ್ಟಿಗೆ, ಮಸೂರ, ಫಲಕ ಎಂಬ ಮೂರೇ ಅಂಗಗಳು. ಕೈಯಲ್ಲಿರುವ ಸ್ವಲ್ಪ ಹಣವನ್ನು ಈ ಮೂರರಲ್ಲಿ ಯಾವುದಕ್ಕೆ ಎಷ್ಟು ಕೊಡಬೇಕೆಂಬುದೇ ಕೊಳ್ಳುವವನ ಮುಂದಿರುವ ಪ್ರಶ್ನೆ.

1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬಸವಕಲ್ಯಾಣ, ಹುಮನಾಬಾದಗಳ ಜನಕ್ಕೆ ಛಾಯಾಚಿತ್ರವು ಬಹುಕಾಲ ಅರಮನೆಯ ವಿದ್ಯೆಯಾಗಿತ್ತು. ಆರನೆಯ ನಿಜಾಮರ ಆಸ್ಥಾನದಲ್ಲಿದ್ದ ರಾಜಾ ದೀನದಯಾಳರ (1844–1905) ಕೀರ್ತಿ ಇಡೀ ದೇಶದಲ್ಲಿ ಹಬ್ಬಿತ್ತು. ಆದರೆ ಅವರ ಯಂತ್ರದ ಮುಂದೆ ನಿಲ್ಲುವ ಯೋಗ ಒಕ್ಕಲಿಗನಿಗಾಗಲಿ ನೇಕಾರನಿಗಾಗಲಿ ಎಲ್ಲಿಯದು! ಅಮೆರಿಕದ ಈಸ್ಟ್‌ಮನ್ ಕೊಡಕ್ ಕಂಪನಿಯು 1900ರಲ್ಲಿ 'ಬ್ರೌನಿ' ಎಂಬ ರಟ್ಟಿನ ಪೆಟ್ಟಿಗೆಯನ್ನು ಒಂದು ಡಾಲರಿಗೆ ಮಾರಿದಂದಿನಿಂದ ಈ ವಿದ್ಯೆ ಬೀದಿಗೆ ಇಳಿಯಿತು. ಭಾರತದಲ್ಲಿ ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಆ ಕೆಲಸವನ್ನು ಮಾಡಿತು. ಒಂದು ಸುರುಳಿಗೆ ಹನ್ನೆರಡು ಚೌಕ ಚಿತ್ರಗಳು, ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಬೇರೆ ಜಂಜಾಟವಿಲ್ಲ. 1960ರಲ್ಲಿ ಸ್ಥಾಪಿತವಾದ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮುಗಳೂ ಹೀಗೆಯೇ ಮನೆಮಾತಾಗಿದ್ದವು. ಅನೇಕ ಮನೆಗಳ ಕಪ್ಪುಬಿಳುಪು ಮದುವೆಯ ಚಿತ್ರಗಳಿಗೆ ಈ ಬಗೆಯ ಸಾಧನಗಳೇ ಆಧಾರ. 1975ರಲ್ಲಿ ಅದೇ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಯುವ ಇಂಜಿನಿಯರು ಮೊದಲ ಡಿಜಿಟಲ್ ಕ್ಯಾಮರಾವನ್ನು ಕಟ್ಟಿದರು. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. ತಾನೇ ಹುಟ್ಟಿಸಿದ ವಿದ್ಯೆಯನ್ನು ನಂಬದ ಆ ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು.

ಈ ಭಾಗದ ವಿದ್ಯಾರ್ಥಿಗೆ ಕ್ಯಾಮರಾ ಏಕೆ ಬೇಕು? ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ದೇವಾಲಯದ ಹೊರಗೋಡೆಯ ಮೇಲೆ ಶಾಸನವನ್ನು ಬರೆಯುತ್ತಿರುವ ಸುಂದರಿಯೊಬ್ಬಳ ಶಿಲ್ಪವಿದೆ. ಅವಳು ಬರೆದಿರುವುದು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಪ್ರಶಸ್ತಿ. ಕಲ್ಲೇ ಲೇಖಕಿಯಾಗಿ ನಿಂತಿರುವ ಇಂಥ ದೃಶ್ಯ ಬೇರೆಡೆ ಸುಲಭವಾಗಿ ದೊರೆಯದು. ಬಸವಕಲ್ಯಾಣದ ಬಳಿಯ ನಾರಾಯಣಪುರದ ಗುಡಿಯ ಶಿಲ್ಪಗಳೂ, ಕಲ್ಯಾಣದ ಕೋಟೆಯ ಗೋಡೆಗಳೂ ಮಳೆಬಿಸಿಲಿಗೆ ಒಡ್ಡಿಕೊಂಡು ನಿಂತಿವೆ. ಇವು ಹೆಸರಾದವು. ಹೆಸರಾಗದ ವೀರಗಲ್ಲುಗಳು, ಹೊಲದ ಬದುವಿನ ತುಂಡು ಶಾಸನಗಳು, ಭಕ್ತಿಯಿಂದಲೇ ಎಣ್ಣೆ ಸುಣ್ಣ ಬಳಿದು ಅಕ್ಷರ ಮುಚ್ಚಿಹೋದ ಕಲ್ಲುಗಳು ಇನ್ನೆಷ್ಟೋ. ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರಿನ ಸ್ಮಾರಕಗಳ ಗ್ರಂಥದಲ್ಲಿನ ಚಿತ್ರಗಳು ಇಂದು ಎಷ್ಟು ಉಪಯುಕ್ತವೆಂಬುದನ್ನು ಇತಿಹಾಸದ ಅಧ್ಯಾಪಕರು ಬಲ್ಲರು. ಅಕ್ಷರವೊಂದು ಸವೆದ ಮೇಲೆ ಲಕ್ಷ ರೂಪಾಯಿಯ ಕ್ಯಾಮರಾ ತಂದರೂ ಅದು ಮರಳದು. ಸವೆಯುವ ಮುನ್ನ ಊರಿನ ಹುಡುಗಿಯೊಬ್ಬಳು ಸಾಧಾರಣ ಯಂತ್ರದಿಂದ ತೆಗೆದ ಚಿತ್ರವೇ ಮುಂದೆ ಆಕರವಾಗುತ್ತದೆ. ಆದ್ದರಿಂದ ಈ ಆಯ್ಕೆಯನ್ನು ಹವ್ಯಾಸದ ಮಾತೆಂದು ತಳ್ಳಿಹಾಕುವುದು ಉಚಿತವಲ್ಲ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವ ಕ್ಯಾಮರಾ ಎಂಬುದಲ್ಲ, ಕ್ಯಾಮರಾ ಕೊಳ್ಳಲೇಬೇಕೆ ಎಂಬುದು. ಮನೆಯಲ್ಲಿ ಒಂದು ಸ್ಮಾರ್ಟ್‌ಫೋನ್ ಇದ್ದರೆ ಹಗಲ ಬೆಳಕಿನ ಕೆಲಸಕ್ಕೆ ಕ್ಯಾಮರಾ ಆಗಲೇ ಬಂದಂತಾಯಿತು. ಶಾಸನದ ಚಿತ್ರಕ್ಕೆ ಬೇಕಾದುದು ಬೆಲೆಯ ಯಂತ್ರವಲ್ಲ, ಓರೆಬೆಳಕು. ನೇರ ಎದುರಿನಿಂದ ಬೀಳುವ ಬೆಳಕು ಕೊರೆದ ಅಕ್ಷರದೊಳಕ್ಕೆ ನೆರಳನ್ನು ಬೀಳಿಸದು. ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಸೂರ್ಯೋದಯದ ಅನಂತರದ ಅಥವಾ ಸೂರ್ಯಾಸ್ತದ ಮುನ್ನಿನ ಗಳಿಗೆಯಲ್ಲಿ ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವಾಗ ಪ್ರತಿಯೊಂದು ಅಕ್ಷರದ ಒಂದು ಅಂಚು ಬೆಳಗಿ, ಇನ್ನೊಂದು ಅಂಚು ಕಪ್ಪಾಗಿ, ಕಣ್ಣಿಗೆ ಕಾಣದಿದ್ದ ಒತ್ತಕ್ಷರವೂ ಎದ್ದು ನಿಲ್ಲುತ್ತದೆ. ಬಿಸಿಲೇ ಬೀಳದ ಗೋಡೆಯಾದರೆ ಗೆಳೆಯನೊಬ್ಬನು ಮನೆಯ ಕನ್ನಡಿಯನ್ನು ಹಿಡಿದು ಬಿಸಿಲನ್ನು ಪಕ್ಕದಿಂದ ಹಾಯಿಸಬಹುದು. ಒಳಗಿನ ಕಂಬವಾದರೆ ಬ್ಯಾಟರಿಯನ್ನು ಕಲ್ಲಿನ ಮಟ್ಟಕ್ಕೆ ಹಿಡಿದು, ಎಡಗಡೆಯಿಂದೊಂದು ಬಲಗಡೆಯಿಂದೊಂದು ಚಿತ್ರ ತೆಗೆಯಬೇಕು; ಒಂದರಲ್ಲಿ ಅಡಗಿದ ಗೆರೆ ಇನ್ನೊಂದರಲ್ಲಿ ತೋರುತ್ತದೆ. ಯಂತ್ರವು ಕಲ್ಲಿಗೆ ಸಮಾನಾಂತರವಾಗಿರಬೇಕು. ಇಲ್ಲವಾದರೆ ಮೇಲಿನ ಸಾಲುಗಳು ಕುಗ್ಗಿ ಕಾಣುತ್ತವೆ. ಪಕ್ಕದಲ್ಲೊಂದು ಅಳತೆಪಟ್ಟಿಯನ್ನು ಇರಿಸಿದರೆ ಅಕ್ಷರದ ಗಾತ್ರವೂ ದಾಖಲಾಗುತ್ತದೆ. ಸೀಮೆಸುಣ್ಣದಿಂದ ಅಕ್ಷರವನ್ನು ತಿದ್ದುವ ದುರಭ್ಯಾಸವಂತೂ ಸರ್ವಥಾ ಕೂಡದು: ತಿದ್ದಿದವನು ಓದಿದ್ದೇ ಕಲ್ಲಿನ ಪಾಠವಾಗಿಬಿಡುತ್ತದೆ! ಇಷ್ಟನ್ನು ಫೋನಿನಿಂದಲೇ ಸಾಧಿಸಿದವನು ಮೊದಲ ವರ್ಷ ಕ್ಯಾಮರಾ ಕೊಳ್ಳದೆ ಗಟ್ಟಿಯಾದ ಒಂದು ಟ್ರೈಪಾಡ್ ಮಾತ್ರ ಕೊಂಡರೆ ಜಾಣತನ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಊರಲು ಅನುಮತಿ ಬೇಕಾಗುವುದರಿಂದ ಅದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಫೋನು ಸೋಲುವುದು ಮಬ್ಬಿನಲ್ಲಿ ಮತ್ತು ದೂರದಲ್ಲಿ. ಗರ್ಭಗುಡಿಯ ಬಾಗಿಲವಾಡದ ಸೂಕ್ಷ್ಮ ಕೆತ್ತನೆ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ರಾತ್ರಿ, ಮಾಣಿಕನಗರದ ಸಂಗೀತಸಭೆಯಲ್ಲಿನ ಗಾಯಕರ ಮುಖ, ಇಂಥವಕ್ಕೆ ನಿಜವಾದ ಕ್ಯಾಮರಾ ಬೇಕು. ಆಗ ಫಿಲ್ಮೋ ಡಿಜಿಟಲ್ಲೋ ಎಂಬ ಚರ್ಚೆ ಏಳುತ್ತದೆ.

ಫಿಲ್ಮಿನ ಕಡೆಗೆ ಇಂದಿನ ತರುಣರಲ್ಲಿ ಹೊಸ ಒಲವು ಕಾಣುತ್ತಿದೆ. ಅಜ್ಜನ ಪೆಟ್ಟಿಗೆಯಲ್ಲಿ ಯಾಶಿಕಾ ಒಂದು ಸಿಕ್ಕಿತೆಂದರೆ ಕ್ಯಾಮರಾ ಪುಕ್ಕಟೆಯಾಗಿ ಬಂದಿತೆಂದೇ ಭಾವಿಸುತ್ತಾರೆ. ಆದರೆ ಕೊಳ್ಳುವ ಬೆಲೆ ಬೇರೆ, ಬಳಸುವ ಬೆಲೆ ಬೇರೆ. ಎಮ್ಮೆ ಉಚಿತವಾಗಿ ಬಂದರೂ ಮೇವು ಉಚಿತವಲ್ಲವಷ್ಟೆ. 36 ಚಿತ್ರಗಳ ಒಂದು ಬಣ್ಣದ ಸುರುಳಿಗೆ ಸಾವಿರ ರೂಪಾಯಿ, ಅದನ್ನು ತೊಳೆಸಿ ಕಂಪ್ಯೂಟರಿಗೆ ಇಳಿಸಲು ಐದುನೂರು ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ ಚಿತ್ರವೊಂದಕ್ಕೆ ಸುಮಾರು 42 ರೂಪಾಯಿ ಬೀಳುತ್ತದೆ. ಕೈ ಪಳಗಲು ಐದುನೂರು ಚಿತ್ರಗಳಾದರೂ ಬೇಕು. ಅದಕ್ಕೆ ಹದಿನಾಲ್ಕು ಸುರುಳಿ, ಅಂದರೆ 21,000 ರೂಪಾಯಿ. ತೊಳೆಸಲು ದೊಡ್ಡ ಊರಿಗೆ ಕಳಿಸುವ ಅಂಚೆವೆಚ್ಚ, ತಪ್ಪನ್ನು ವಾರಗಳ ಬಳಿಕ ತಿಳಿಯುವ ತೊಂದರೆ ಬೇರೆ. ಫಿಲ್ಮಿಗೆ ಗುಣವಿಲ್ಲವೆಂದಲ್ಲ. ನೆಗೆಟಿವ್ ಒಂದನ್ನು ನೋಡಲು ಯಾವ ಯಂತ್ರವೂ ಬೇಡ, ಬೆಳಕಿಗೆ ಹಿಡಿದರೆ ಸಾಕು; ಅರ್ಧ ಶತಮಾನ ಕಳೆದವೂ ಇಂದಿಗೂ ಓದಿಸಿಕೊಳ್ಳುತ್ತವೆ. 36ಕ್ಕೆ ಮುಗಿಯುವ ಸುರುಳಿ ನೋಡುವವನಿಗೆ ನಿಧಾನವನ್ನು ಕಲಿಸುತ್ತದೆ. ಶಾಲೆಯ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಅಧ್ಯಾಪಕರ ನೆರವಿನಿಂದ ಕಪ್ಪುಬಿಳುಪು ಸುರುಳಿಗಳನ್ನು ತಾವೇ ತೊಳೆಯಬಲ್ಲವರಿಗೆ ಫಿಲ್ಮ್ ಕ್ಯಾಮರಾ ಒಳ್ಳೆಯ ಗುರು. ಉಳಿದವರಿಗೆ, ಅದರಲ್ಲಿಯೂ ಹಣದ ಮುಗ್ಗಟ್ಟಿರುವವರಿಗೆ, ಡಿಜಿಟಲ್ಲೇ ಸರಿ.

ಹೊಸ ಡಿಜಿಟಲ್ ಕ್ಯಾಮರಾ ಅಲ್ಪಧನಕ್ಕೆ ದೊರೆಯುವುದು ಕಷ್ಟ. 'ನಲವತ್ತೆಂಟು ಮೆಗಾಪಿಕ್ಸೆಲ್' ಎಂದು ದೊಡ್ಡದಾಗಿ ಮುದ್ರಿಸಿಕೊಂಡು ಕೆಲವೇ ಸಾವಿರಕ್ಕೆ ಬರುವ ಅನಾಮಧೇಯ ಪೆಟ್ಟಿಗೆಗಳು ಆಟಿಕೆಗಳೆಂದೇ ತಿಳಿಯಬೇಕು. ಎ4 ಹಾಳೆಯ ಗಾತ್ರಕ್ಕೆ, ಪುಸ್ತಕದಲ್ಲಿ ಮುದ್ರಿಸುವಷ್ಟು ಸ್ಪಷ್ಟವಾಗಿ ಚಿತ್ರ ಬೇಕೆಂದರೆ ಸುಮಾರು ಒಂಬತ್ತು ಮೆಗಾಪಿಕ್ಸೆಲ್ ಸಾಕು. ಎಣಿಸಬೇಕಾದುದು ಫಲಕದ ವಿಸ್ತಾರವನ್ನು. ಜೇಬಿನ ಕ್ಯಾಮರಾದ ಫಲಕ ಸುಮಾರು 6 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರವಿದ್ದರೆ, ಮಸೂರ ಬದಲಿಸುವ ಸಾಧಾರಣ ಕ್ಯಾಮರಾದ ಫಲಕ 23 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಎತ್ತರವಿರುತ್ತದೆ. ವಿಸ್ತಾರದಲ್ಲಿ ಹನ್ನೆರಡು ಪಟ್ಟು. ಅಗಲವಾದ ಬೋಗುಣಿಯಲ್ಲಿ ಮಳೆನೀರು ಹೆಚ್ಚು ನಿಲ್ಲುವಂತೆ ಬೆಳಕು ಅದರಲ್ಲಿ ಹೆಚ್ಚು ನಿಲ್ಲುತ್ತದೆ. ಆದುದರಿಂದ ಹತ್ತು ವರ್ಷ ಹಳೆಯ, ಆದರೆ ದೊಡ್ಡ ಫಲಕದ ಕ್ಯಾಮರಾವೇ ಅಲ್ಪಧನನಿಗೆ ಹಿತ. 2010ರಲ್ಲಿ ಬಂದ ನಿಕಾನ್ ಡಿ3100, 2011ರಲ್ಲಿ ಬಂದ ಕ್ಯಾನನ್ 1100ಡಿ ಮೊದಲಾದವು ಈ ವರ್ಗದವು. ಹೊಸ ಮಾದರಿಗಳ ಆಸೆಯಿಂದ ಇವನ್ನು ಮಾರುವವರು ಹೈದರಾಬಾದ್, ಸೊಲ್ಲಾಪುರ, ಕಲಬುರಗಿಗಳಲ್ಲಿ ದೊರೆಯುತ್ತಾರೆ.

ಉಳಿದ ಹಣವೆಲ್ಲ ಮಸೂರಕ್ಕೆ ಸಲ್ಲಬೇಕು. ಕ್ಯಾಮರಾದೊಡನೆ ಬರುವ ಸಾಮಾನ್ಯ ಜೂಮ್ ಲೆನ್ಸು ಉದ್ದಕ್ಕೆ ಚಾಚಿದಾಗ ಎಫ್/5.6ರಷ್ಟು ಮಾತ್ರ ಕಣ್ಣು ತೆರೆಯುತ್ತದೆ. 50 ಮಿಲಿಮೀಟರಿನ ಎಫ್/1.8 ಲೆನ್ಸು ಅದಕ್ಕಿಂತ ಹತ್ತು ಪಟ್ಟಿನ ಹತ್ತಿರದಷ್ಟು ಬೆಳಕನ್ನು ಒಳಕ್ಕೆ ಬಿಡುತ್ತದೆ. ದೀಪದ ಬೆಳಕಿನಲ್ಲಿ ಕುಳಿತ ಅಜ್ಜಿಯ ಮುಖವನ್ನು ಫ್ಲ್ಯಾಷಿನ ಹೊಡೆತವಿಲ್ಲದೆ ತೆಗೆಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಇಲ್ಲೊಂದು ಎಚ್ಚರಿಕೆ ಅಗತ್ಯ. ನಿಕಾನಿನ ಡಿ3100 ವರ್ಗದ ಯಂತ್ರಗಳೊಳಗೆ ಮಸೂರವನ್ನು ತಿರುಗಿಸುವ ಮೋಟರು ಇಲ್ಲ. ಹಳೆಯ ಎಎಫ್-ಡಿ ಮಾದರಿಯ ಲೆನ್ಸು ಅಗ್ಗವೆಂದು ತಂದರೆ ಫೋಕಸನ್ನು ಕೈಯಿಂದಲೇ ಕೂಡಿಸಬೇಕಾಗುತ್ತದೆ. ಎಎಫ್-ಎಸ್ ಎಂದು ಬರೆದಿರುವುದನ್ನೇ ಕೇಳಿ ಪಡೆಯಬೇಕು. ಕ್ಯಾನನ್ನಿನ ಇಎಫ್ ಲೆನ್ಸುಗಳಿಗೆ ಈ ತೊಡಕಿಲ್ಲ.

ಬಳಸಿದ ವಸ್ತುವನ್ನು ಹಗಲಿನಲ್ಲಿಯೇ ನೋಡಿ ಕೊಳ್ಳಬೇಕು. ಮಸೂರವನ್ನು ಬಲ್ಬಿನ ಎದುರು ಹಿಡಿದು ಓರೆಯಾಗಿ ನೋಡಿದಾಗ ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟು ಅಗ್ಗವಾದರೂ ಬೇಡ. ಹೊರಗಾಜಿನ ಮೇಲಿನ ಸಣ್ಣ ಗೀರು ಅಷ್ಟೇನೂ ಬಾಧಕವಲ್ಲ, ಅದನ್ನು ತೋರಿಸಿ ಬೆಲೆ ಇಳಿಸಬಹುದು. ಎಫ್/16ಕ್ಕೆ ಇಳಿಸಿ ಬರಿಯ ಆಕಾಶದ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರೆ ಫಲಕದ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ತೋರುತ್ತದೆ. ಇದು ತೆಗೆಸಬಹುದಾದ ದೋಷ. ಷಟರು ಎಷ್ಟು ಬಾರಿ ತೆರೆದಿದೆ ಎಂಬ ಲೆಕ್ಕವನ್ನು ಅನೇಕ ಮಾದರಿಗಳಲ್ಲಿ ಕಂಪ್ಯೂಟರಿನ ಸಹಾಯದಿಂದ ತಿಳಿಯಬಹುದು. ಈ ವರ್ಗದವು ಲಕ್ಷದ ಆಸುಪಾಸು ಬಾಳುವುವೆಂದು ಎಣಿಕೆ. ಬ್ಯಾಟರಿ, ಚಾರ್ಜರು ಜೊತೆಗಿರಲೇಬೇಕು. ಫಿಲ್ಮ್ ಕ್ಯಾಮರಾವಾದರೆ ಹಿಂಬಾಗಿಲ ಅಂಚಿನ ಸ್ಪಂಜು ಅಂಟಂಟಾಗಿ ಪುಡಿಯಾಗಿದ್ದರೆ ಬೆಳಕು ಸೋರುತ್ತದೆಂದು ಅರ್ಥ. ಒಂದು ಸೆಕೆಂಡಿನ ವೇಗಕ್ಕೆ ಇರಿಸಿ ಗುಂಡಿ ಒತ್ತಿ ಕಿವಿಗೊಟ್ಟರೆ ಯಂತ್ರದ ಆರೋಗ್ಯ ತಿಳಿಯುತ್ತದೆ. ಎರಡು ಮೂರು ಸೆಕೆಂಡು ಎಳೆದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ.

ಶಾಲೆಗೆ ಕ್ಯಾಮರಾ ಕೊಡಬಯಸುವ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಇಲ್ಲಿ ಒಂದು ಬಿನ್ನಹ ಸಲ್ಲುತ್ತದೆ. ಹೊಸದೊಂದು ದುಬಾರಿ ಯಂತ್ರ ಬಂದರೆ ಅದು ಕಪಾಟಿನೊಳಗೆ ಬೀಗದಲ್ಲಿರುತ್ತದೆ. ಕೆಟ್ಟೀತೆಂಬ ಭಯದಿಂದ ಮಕ್ಕಳ ಕೈಗೆ ಯಾರೂ ಕೊಡರು. ಅದೇ ಹಣಕ್ಕೆ ಪರೀಕ್ಷಿಸಿ ತಂದ ಹಳೆಯ ಯಂತ್ರಗಳು ಎರಡೋ ಮೂರೋ ಆಗುತ್ತವೆ, ಮತ್ತು ಅವನ್ನು ಹಿಡಿದ ಮಕ್ಕಳು ಊರ ಸುತ್ತ ತಿರುಗುತ್ತಾರೆ. ಕೊಡುವಾಗ ಎರಡು ಮೆಮೊರಿ ಕಾರ್ಡುಗಳನ್ನೂ, ಚಿತ್ರಗಳನ್ನು ತುಂಬಿಡಲು ಒಂದು ಹಾರ್ಡ್ ಡಿಸ್ಕನ್ನೂ ಕೂಡಿಸಿ ಕೊಟ್ಟರೆ ದಾನ ಪೂರ್ಣವಾಗುತ್ತದೆ.

ಬೀದರ ಸೀಮೆಯ ಜಂಬಿಟ್ಟಿಗೆಯ ಕೆಂಧೂಳು ಬೇಸಿಗೆಯಲ್ಲಿ ಎಲ್ಲ ಸಂದುಗಳಿಗೂ ನುಗ್ಗುವಂಥದು; ಬಯಲಿನಲ್ಲಿ ಮಸೂರ ಬದಲಿಸಕೂಡದು. ಗಾಜಿನ ಮೇಲಿನ ಧೂಳನ್ನು ಮೊದಲು ಗಾಳಿಯೂದುವ ರಬ್ಬರಿನ ಉಂಡೆಯಿಂದ ಹಾರಿಸಿ, ಆಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಧೋತರದ ಚುಂಗಿನಿಂದ ಒರೆಸಿದರೆ ಮರಳೇ ಗಾಜನ್ನು ಗೀರುತ್ತದೆ. ಮಳೆಗಾಲದಲ್ಲಿ ತೊಗಲಿನ ಚೀಲದೊಳಗೆ ಮುಚ್ಚಿಡುವುದು ಬೂಷ್ಟಿಗೆ ಆಹ್ವಾನ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇರಿಸಿ, ತಿಂಗಳಿಗೊಮ್ಮೆ ಹೊರತೆಗೆದು ಬಳಸಬೇಕು. ತೆಗೆದ ಚಿತ್ರಗಳನ್ನು ಅಂದೇ ಎರಡು ಕಡೆ ಇಳಿಸಿ, ಊರು, ಸ್ಥಳ, ತಾರೀಖು, ಕಲ್ಲು ಯಾವ ದಿಕ್ಕಿಗೆ ಮುಖಮಾಡಿದೆ, ಚಿತ್ರದಲ್ಲಿರುವವರ ಹೆಸರೇನು ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಬೇಕು. ಹಳೆಯ ಮನೆಗಳ ಗೋಡೆಗಳ ಮೇಲೆ ಗಾಜಿನ ಚೌಕಟ್ಟಿನೊಳಗೆ ಕುಳಿತಿರುವ ರುಮಾಲಿನ ಹಿರಿಯರಲ್ಲಿ ಎಷ್ಟು ಮಂದಿಯ ಹೆಸರನ್ನು ಇಂದಿನ ಮೊಮ್ಮಕ್ಕಳು ಹೇಳಬಲ್ಲರು?