ಇಲಿಯ ಬೋನು, ಬೇಕರಿಯ ಓವನ್ನು

ಪ್ರಶ್ನೆ: ನನಗೆ 31 ವರ್ಷ. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಿಲ್ಲ. ಹೆಂಡತಿಗೆ ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲ ಮಾಡಿಸಿದೆವು, ತೊಂದರೆ ಇಲ್ಲ ಎಂದಿದ್ದಾರೆ. ನನ್ನದು ಬೇಕರಿ ಕೆಲಸ, ಬೆಳಗಿನ ಜಾವ ನಾಲ್ಕಕ್ಕೇ ಓವನ್ ಮುಂದೆ ನಿಲ್ಲುತ್ತೇನೆ. ಮೊಬೈಲ್ ಸದಾ ಪ್ಯಾಂಟಿನ ಜೇಬಿನಲ್ಲಿ. ಹೋದ ವರ್ಷ ಪಕ್ಕದ ಕಟ್ಟಡದ ಮೇಲೆ ಟವರ್ ಬಂತು. ವಿಕಿರಣದಿಂದ ಇಲಿಗಳ ವೀರ್ಯ ಕೆಟ್ಟಿತೆಂದು ಓದಿದೆ. ಮನೆ ಬದಲಾಯಿಸಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಬೇಡ. ಹೊಸ ಮನೆಯ ಅಡ್ವಾನ್ಸ್ ದುಡ್ಡು ಉಳಿಯಲಿ.

ಇಲಿಗಳ ವಿಷಯ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಗಾಗಿ ತಜ್ಞರು ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ ಜಾಲಾಡಿ, 2024ರಲ್ಲಿ ವರದಿ ಕೊಟ್ಟರು. ರೇಡಿಯೊ ತರಂಗಕ್ಕೆ ಒಡ್ಡಿದ ಗಂಡು ಪ್ರಾಣಿಗಳ ಜೊತೆ ಕೂಡಿದ ಹೆಣ್ಣುಗಳಲ್ಲಿ ಗರ್ಭ ನಿಲ್ಲುವುದು ಕಡಿಮೆಯಾಗಿತ್ತು. ವೀರ್ಯಾಣುಗಳ ಎಣಿಕೆ ಇಳಿಯುತ್ತದೆ ಎನ್ನುವುದಕ್ಕೆ ಮಾತ್ರ ಪುರಾವೆ ಅಷ್ಟು ಗಟ್ಟಿಯಿಲ್ಲ. ಈ ತರಂಗಗಳಿಗೆ ಎಕ್ಸ್‌ರೇಯಂತೆ ಡಿಎನ್‌ಎ ಕತ್ತರಿಸುವ ಶಕ್ತಿಯಿಲ್ಲ. ಪ್ರಮಾಣ ಹೆಚ್ಚಾದರೆ ಅಂಗಾಂಶ ಬಿಸಿಯಾಗುತ್ತದೆ. ಆಕ್ಸಿಡೇಟಿವ್ ಒತ್ತಡವೂ (ಆಮ್ಲಜನಕದ ಚುರುಕು ಕಣಗಳಿಂದಾಗುವ ಹಾನಿ) ಕಾರಣವಿರಬಹುದು ಎಂಬ ವಾದವಿದೆ. ಇದರಿಂದ ವೀರ್ಯಾಣುವಿನ ಪೊರೆಯಲ್ಲಿರುವ ಕೊಬ್ಬು ಬೇಗ ಕೆಡುವಂಥದ್ದು, ಇಟ್ಟ ಎಣ್ಣೆ ಕಮಟಿದ ಹಾಗೆ. ಬೇಕರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಇಲಿ ಗೇಣುದ್ದದ ಪ್ರಾಣಿ. ಬೋನಿನ ಪಕ್ಕ ಫೋನ್ ಇಟ್ಟರೆ ಅದರ ಇಡೀ ಮೈ ತರಂಗದೊಳಗೆ ಅದ್ದಿದಂತೆ. ಟವರ್‌ನಿಂದ ನಿಮ್ಮ ತಾರಸಿಗೆ ತಲುಪುವುದು ಅದಕ್ಕಿಂತ ಎಷ್ಟೋ ಪಾಲು ಕಡಿಮೆ. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಟವರ್ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ಇಳಿಸಲಾಯಿತು. ತಮಾಷೆಯೆಂದರೆ, ಟವರ್ ಹತ್ತಿರವಿದ್ದಷ್ಟೂ ನಿಮ್ಮ ಫೋನ್ ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುತ್ತದೆ. ಸಿಗ್ನಲ್ ಸಿಗದ ಕಡೆಯೇ ಅದು ಹೆಚ್ಚು ಏದುಸಿರು ಬಿಡುವುದು.

ಮನುಷ್ಯರ ಮಾತಿಗೆ ಬಂದರೆ, ಸ್ವಿಟ್ಜರ್ಲೆಂಡಿನಲ್ಲಿ 18ರಿಂದ 22 ವಯಸ್ಸಿನ 2,886 ಯುವಕರ ವೀರ್ಯ ಪರೀಕ್ಷಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ದಿನಕ್ಕೆ 20ಕ್ಕಿಂತ ಹೆಚ್ಚು ಸಲ ಫೋನ್ ಬಳಸುವವರಲ್ಲಿ ವೀರ್ಯಾಣು ಸಾಂದ್ರತೆ ಕಡಿಮೆಯಿತ್ತು. ಫೋನನ್ನು ಪ್ಯಾಂಟಿನ ಜೇಬಿನಲ್ಲಿಟ್ಟಿದ್ದಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ. ಹಾಗಿದ್ದರೂ ಜೇಬಿನಿಂದ ತೆಗೆದಿಡಿ, ಖರ್ಚೇನಿಲ್ಲವಲ್ಲ.

ನನಗೆ ಚಿಂತೆ ಹುಟ್ಟಿಸಿದ್ದು ನೀವು ಮಾತಿನ ನಡುವೆ ಹಾಗೇ ಹೇಳಿ ದಾಟಿಸಿದ ಓವನ್. ವೃಷಣಗಳಿಗೆ ದೇಹಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಂಪು ಬೇಕು, ಅದಕ್ಕೇ ಅವು ಹೊಟ್ಟೆಯಿಂದ ಹೊರಗಿರುವುದು. ಗಂಟೆಗಟ್ಟಲೆ ಸೊಂಟದೆತ್ತರದ ಕಾವಿನ ಮುಂದೆ ನಿಂತರೆ ಆ ತಂಪು ಉಳಿಯುವುದು ಕಷ್ಟ. ಟ್ರೇ ಒಳಗಿಟ್ಟ ಮೇಲೆ ಅಲ್ಲೇ ನಿಲ್ಲದೆ ಈಚೆ ಬನ್ನಿ, ಬಿಗಿ ಜೀನ್ಸ್ ಬಿಟ್ಟು ಸಡಿಲ ಬಟ್ಟೆ ಹಾಕಿ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಹಾಗಾಗಿ ಇದರ ಫಲ ತಿಳಿಯಲು ಮೂರು ತಿಂಗಳಾದರೂ ಕಾಯಬೇಕು.

ಇನ್ನೊಂದು ಮಾತು. ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಹೆಂಡತಿಗೆ ಎಲ್ಲ ಪರೀಕ್ಷೆಯೂ ಆಗಿದೆ, ನಿಮ್ಮದು ಒಂದೂ ಇಲ್ಲ. ನಮ್ಮ ಮನೆಗಳಲ್ಲಿ ಇದೇ ಕ್ರಮ. ಟವರ್ ಮೇಲೆ ಅನುಮಾನ ಬಂದರೂ ಗಂಡಸಿನ ಮೇಲೆ ಬರುವುದಿಲ್ಲ! ಈ ವಾರವೇ ವೀರ್ಯ ಪರೀಕ್ಷೆ ಮಾಡಿಸಿ. ಅದಕ್ಕೆ ಮೊದಲು ಎರಡರಿಂದ ಏಳು ದಿನ ಸಂಭೋಗ, ಹಸ್ತಮೈಥುನ ಬೇಡ. ಮಾದರಿಯನ್ನು ಲ್ಯಾಬ್‌ನಲ್ಲೇ ಕೊಟ್ಟರೆ ಒಳ್ಳೆಯದು. ಮನೆಯಲ್ಲಿ ತೆಗೆದರೆ ಡಬ್ಬಿಯನ್ನು ಅಂಗಿಯೊಳಗೆ ಮೈಬಿಸಿಗೆ ಇಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಿ. ಎಣಿಕೆ ಕಡಿಮೆ ಬಂದರೆ ಹೆದರಬೇಡಿ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ, ಎರಡೂ ವರದಿ ಹಿಡಿದು ಮೂತ್ರರೋಗ ತಜ್ಞರನ್ನು ಕಾಣಿ.