ಗೋಡೆಯೊಳಗೆ ಹೋಗುವ ದುಡ್ಡು ಮೊದಲು

ನಮ್ಮ ಬಚ್ಚಲುಮನೆ 8 ಅಡಿ ಉದ್ದ, 5 ಅಡಿ ಅಗಲ. ಮೈಸೂರಿನ ಕುವೆಂಪುನಗರದಲ್ಲಿ ಮಾವನವರು 1989ರಲ್ಲಿ ಕಟ್ಟಿಸಿದ ಮನೆ. ಐದು ಜನರಿಗೂ ಇದೊಂದೇ. ಜಿಐ ಪೈಪು ಒಳಗೊಳಗೇ ತುಕ್ಕು ತಿಂದು ಬೆಳಗಿನ ಮೊದಲ ಬಕೆಟ್ ನೀರು ಕೆಂಪಗೆ ಬರುತ್ತಿತ್ತು. ಪಕ್ಕದ ಮಲಗುವ ಕೋಣೆಯ ಗೋಡೆ ಮೊಣಕಾಲೆತ್ತರದವರೆಗೆ ತೇವ ಹಿಡಿದು, ಬಣ್ಣ ಹೊಡೆಸಿದಷ್ಟೂ ಉದುರುತ್ತಿತ್ತು. ಇನ್ನು ಮುಂದೂಡುವಂತಿಲ್ಲ ಎಂದು ತೀರ್ಮಾನಿಸಿ ಗುತ್ತಿಗೆದಾರರನ್ನು ಕರೆಸಿದೆವು. ಅವರು ಬರೆದುಕೊಟ್ಟ ಲೆಕ್ಕ 2,60,000 ರೂಪಾಯಿ. ನಮ್ಮ ಕೈಯಲ್ಲಿದ್ದದ್ದು ಆರ್‌ಡಿ ಮುಗಿದು ಬಂದ 2,00,000.

ಕೊರತೆ 60,000 ಎಂದು ಕಾಣುತ್ತದೆ. ನಿಜವಾದ ಕೊರತೆ ಅದಕ್ಕಿಂತ ದೊಡ್ಡದು. ಹಳೆಯ ಮನೆಯ ನೆಲ ಒಡೆದ ಮೇಲೆ ಒಳಗೆ ಏನು ಸಿಗುತ್ತದೆಂದು ಯಾವ ಮೇಸ್ತ್ರಿಯೂ ಮೊದಲೇ ಹೇಳಲಾರ. ಆ ಅನಿಶ್ಚಿತ ಖರ್ಚಿಗೆಂದು 30,000 ಪಕ್ಕಕ್ಕಿಟ್ಟರೆ ಕೊರತೆ 90,000 ಆಯಿತು. ಅಷ್ಟನ್ನು ಪರ್ಸನಲ್ ಲೋನ್ ತೆಗೆದುಕೊಂಡರೆ ಏನಾಗುತ್ತದೆಂದು ಲೆಕ್ಕ ಹಾಕಿದೆ. 14% ಬಡ್ಡಿ, 3 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 3,076 ರೂಪಾಯಿ; ಬಡ್ಡಿಯೇ 20,700 ದಾಟುತ್ತದೆ. ತೆರಿಗೆಯಲ್ಲಿ ಉಳಿಯಬಹುದಲ್ಲ ಎಂದು ಕೇಳುವವರಿದ್ದಾರೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ದುರಸ್ತಿಗೆ ಮಾಡಿದ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿಯವರೆಗೆ ಕಡಿತ ಸಿಗುತ್ತದೆ. ಹೊಸ ಪದ್ಧತಿಯಲ್ಲಿ ವಾಸದ ಮನೆಗೆ ಅದಿಲ್ಲ, ನಾವಿರುವುದು ಹೊಸ ಪದ್ಧತಿಯಲ್ಲಿ. ಸಾಲ ಬೇಡ ಎಂದು ಅಲ್ಲಿಗೇ ನಿರ್ಧಾರವಾಯಿತು. ಉಳಿದದ್ದು, 2,00,000ದೊಳಗೆ ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂಬ ಪ್ರಶ್ನೆ.

ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಕೇಳಿದೆ. ಮಗಳಿಗೆ ಸ್ನಾನದ ಜಾಗಕ್ಕೆ ಗಾಜಿನ ಪಾರ್ಟಿಶನ್ ಬೇಕಿತ್ತು. ನಮ್ಮ ಯಜಮಾನರಿಗೆ ಗೋಡೆಗೆ ತೂಗುವ ಕಮೋಡ್, ಗೋಡೆಯೊಳಗೆ ಅಡಗಿದ ಟ್ಯಾಂಕ್. ಮಗನದು ಏನೂ ಇರಲಿಲ್ಲ, ನೀರು ಜೋರಾಗಿ ಬಂದರೆ ಸಾಕು. ಅತ್ತೆಗೆ ಎಪ್ಪತ್ತೆಂಟು, ಎರಡೂ ಮಂಡಿಯಲ್ಲಿ ನೋವು. "ಹಿಡ್ಕೊಳ್ಳೋಕೆ ಏನಾದ್ರೂ ಹಾಕ್ಸಮ್ಮ, ಗೋಡೆ ಕೈಗೆ ಸಿಗಲ್ಲ" ಎಂದಷ್ಟೇ ಹೇಳಿದರು. ಗುತ್ತಿಗೆದಾರರ ಎರಡು ಪುಟದ ಪಟ್ಟಿಯಲ್ಲಿ ಆ ಒಂದು ಹಿಡಿಕೆ ಇರಲೇ ಇಲ್ಲ.

ಆ ಪಟ್ಟಿಯ ಪ್ರತಿ ಸಾಲಿನ ಮುಂದೆಯೂ ನಾನು ಒಂದೇ ಪ್ರಶ್ನೆ ಹಾಕಿದೆ: ಇದನ್ನು ಐದು ವರ್ಷ ಬಿಟ್ಟು ಹಾಕಿಸಬೇಕೆಂದರೆ, ಅಥವಾ ಇದು ಕೆಟ್ಟರೆ, ಟೈಲ್ಸ್ ಒಡೆಯಬೇಕಾಗುತ್ತದೆಯೇ? ಒಡೆಯಬೇಕೆಂದಾದರೆ ಅದಕ್ಕೆ ಈಗಲೇ ಒಳ್ಳೆಯ ದುಡ್ಡು ಹಾಕಬೇಕು. ಸ್ಕ್ರೂ ಬಿಚ್ಚಿ ಬದಲಿಸಬಹುದಾದರೆ ಅದು ಕಾಯಬಹುದು.

ಹಾಗೆ ನೋಡಿದಾಗ ಎಲ್ಲಕ್ಕಿಂತ ಮುಂದೆ ಬಂದು ನಿಂತದ್ದು ವಾಟರ್‌ಪ್ರೂಫಿಂಗ್. ಪಟ್ಟಿಯಲ್ಲಿ ಅದು ಒಂದೇ ಸಾಲು, ಅಂಗಡಿಯಲ್ಲಿ ತೋರಿಸಲು ಅದರ ಮಾದರಿಯಿಲ್ಲ, ಮುಗಿದ ಮೇಲೆ ಕಣ್ಣಿಗೂ ಕಾಣುವುದಿಲ್ಲ. ಆದ್ದರಿಂದಲೇ ಹೆಚ್ಚಿನ ಮನೆಗಳಲ್ಲಿ ಕತ್ತರಿ ಮೊದಲು ಬೀಳುವುದು ಅದಕ್ಕೆ. ಅದು ಸೋತರೆ ಮೇಲಿನ ಟೈಲ್ಸ್, ಅದರ ಕೂಲಿ, ಪಕ್ಕದ ಕೋಣೆಯ ಬಣ್ಣ ಎಲ್ಲವೂ ಒಟ್ಟಿಗೆ ಹೋಗುತ್ತವೆ. ನೆಲಕ್ಕೆ ಎರಡು ಕೋಟ್, ಗೋಡೆಗೆ ಸುತ್ತಲೂ ಕನಿಷ್ಠ 1 ಅಡಿ, ಸ್ನಾನದ ಜಾಗದಲ್ಲಿ 6 ಅಡಿ ಎತ್ತರದವರೆಗೆ ಎಂದು ಕೊಟೇಶನ್‌ನಲ್ಲೇ ಬರೆಸಿಕೊಂಡೆವು. ಇನ್ನೂ ಮುಖ್ಯವಾದದ್ದು ಪರೀಕ್ಷೆ. ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಬಾಯಿ ಮುಚ್ಚಿ, ನೆಲದ ತುಂಬ ನೀರು ನಿಲ್ಲಿಸಿ, 48 ಗಂಟೆ ಬಿಡಬೇಕು. ಮಟ್ಟ ಇಳಿಯದಿದ್ದರೆ, ಆಚೆ ಬದಿಯ ಗೋಡೆ ಒಣಗಿದ್ದರೆ ಮಾತ್ರ ಟೈಲ್ಸ್. "ಎರಡು ದಿನ ಕೆಲಸ ನಿಲ್ಲತ್ತೆ ಮೇಡಂ" ಎಂದು ಮೇಸ್ತ್ರಿ ಗೊಣಗಿದರು. ನಿಲ್ಲಲಿ ಎಂದೆ. ಆ ಎರಡು ದಿನವೂ ನಾವು ಸ್ನಾನಕ್ಕೆ ನಾದಿನಿಯ ಮನೆಗೆ ಹೋದೆವು.

ಪೈಪಿನದೂ ಇದೇ ಕಥೆ. ಬಿಸಿ, ತಣ್ಣೀರು ಎರಡಕ್ಕೂ ಸಿಪಿವಿಸಿ ಹಾಕಿಸಿ, ಗೋಡೆ ಮುಚ್ಚುವ ಮೊದಲು ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿದೆವು. ಈ ಬಚ್ಚಲಿಗೆಂದೇ ಪ್ರತ್ಯೇಕ ವಾಲ್ವ್ ಇರಲಿ, ಒಂದು ನಲ್ಲಿ ಸೋರಿದರೆ ಇಡೀ ಮನೆಯ ನೀರು ನಿಲ್ಲಿಸುವ ಪಾಡು ಬೇಡ. ಛಾವಣಿಯ ಮೇಲೆ ಮುಂದೆ ಸೋಲಾರ್ ಹೀಟರ್ ಇಡುವ ಆಸೆ ನಮಗಿದೆ. ಅದಕ್ಕೆ ಬೇಕಾದ ಬಿಸಿನೀರಿನ ಪೈಪನ್ನು ಈಗಲೇ ಎಳೆಸಿ, ತುದಿಗೆ ಮುಚ್ಚಳ ಹಾಕಿಸಿದೆವು. ಆಸೆ ಇರುವ, ದುಡ್ಡು ಇಲ್ಲದ ವಸ್ತುಗಳ ವಿಷಯದಲ್ಲಿ ನಾನು ಕಂಡುಕೊಂಡ ದಾರಿ ಇದು: ವಸ್ತುವನ್ನು ಬಿಡಿ, ಅದರ ಪೈಪನ್ನೂ ವೈರನ್ನೂ ಬಿಡಬೇಡಿ. ಗೋಡೆ ಮುಚ್ಚುವ ಮೊದಲು ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು ಫೋಟೋ ತೆಗೆದಿಡಿ. ನಾಳೆ ಡ್ರಿಲ್ ಹಿಡಿಯುವವನಿಗೆ ಪೈಪು ಎಲ್ಲಿದೆಯೆಂದು ಗೊತ್ತಾಗುತ್ತದೆ.

ನೆಲದ ವಾಟದ ಬಗ್ಗೆ ಒಂದು ಮಾತು. 8 ಅಡಿ ಉದ್ದಕ್ಕೆ ಕನಿಷ್ಠ 1 ಇಂಚು ಇಳಿಜಾರು ಇರಬೇಕು. ಟೈಲ್ಸ್ ಕೂರಿಸಿ ಸಿಮೆಂಟ್ ಗಟ್ಟಿಯಾಗುವ ಮೊದಲೇ ಒಂದು ಚೊಂಬು ನೀರು ಸುರಿದು ನೋಡಿ. ಮೂಲೆಯಲ್ಲಿ ನಿಲ್ಲುವ ನೀರು ನೀವು ಆ ಮನೆಯಲ್ಲಿರುವಷ್ಟು ಕಾಲ ನಿಲ್ಲುತ್ತದೆ.

ಇನ್ನು ಅತ್ತೆಯ ಹಿಡಿಕೆ. ನಮ್ಮ ಬೀದಿಯ ಹಿರಿಯರೊಬ್ಬರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಅವರ ಆಸ್ಪತ್ರೆಯ ಬಿಲ್ಲು ನಮ್ಮ ಇಡೀ ಬಚ್ಚಲಿನ ಬಜೆಟ್ ಮೀರಿತ್ತು. ಅವರ ಬಚ್ಚಲಿನ ಬಾಗಿಲು ಒಳಗಡೆ ತೆರೆಯುವಂಥದ್ದಾಗಿತ್ತು. ಅವರ ಮೈಯೇ ಅಡ್ಡವಾಗಿ, ಮಗ ಬಾಗಿಲು ಮುರಿದು ಒಳಗೆ ಹೋಗಬೇಕಾಯಿತು. ಅದನ್ನು ಕಣ್ಣಾರೆ ಕಂಡ ನಾನು ಹೊಸ ಬಾಗಿಲನ್ನು ಹೊರಗೆ ತೆರೆಯುವಂತೆ ಮಾಡಿಸಿದೆ, ಚಿಲಕ ಹೊರಗಿನಿಂದಲೂ ಬಿಚ್ಚುವಂಥದ್ದು. ಎಡವುವ ಹಾಗಿದ್ದ ಹಳೆಯ ಹೊಸ್ತಿಲನ್ನು ತಗ್ಗಿಸಿದೆವು. ಕಮೋಡಿನ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು ಸ್ಟೀಲ್ ಹಿಡಿಕೆ, ನೆಲದಿಂದ 34 ಇಂಚು ಎತ್ತರದಲ್ಲಿ. ಅತ್ತೆಯನ್ನೇ ನಿಲ್ಲಿಸಿ ಕೈ ಎಲ್ಲಿಗೆ ಬರುತ್ತದೆಂದು ನೋಡಿ ಗುರುತು ಹಾಕಿದ್ದು. ಎರಡಕ್ಕೂ ಸೇರಿ 3,200 ರೂಪಾಯಿ. ರಬ್ಬರ್ ಬಟ್ಟಲಿನಿಂದ ಅಂಟಿಸುವ ಹಿಡಿಕೆಯನ್ನು ವಯಸ್ಸಾದವರ ಭಾರಕ್ಕೆ ನಂಬಬೇಡಿ, ಗೋಡೆಗೆ ಬೋಲ್ಟ್ ಹೊಡೆಸಿಯೇ ಕೂರಿಸಿ. ನೆಲಕ್ಕೆ ಒರಟು ಮೈಯ 1 ಅಡಿಯ ಟೈಲ್ಸ್ ಆರಿಸಿದೆವು. ಟೈಲ್ಸ್ ಚಿಕ್ಕದಾದಷ್ಟೂ ಸಂದುಗಳು ಹೆಚ್ಚು, ಕಾಲಿಗೆ ಹಿಡಿತವೂ ಹೆಚ್ಚು.

ಕರೆಂಟಿನ ವಿಷಯದಲ್ಲಿ ಚೌಕಾಶಿ ಮಾಡಲಿಲ್ಲ. ಗೀಸರಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು, ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್, ಮೇನ್ ಬೋರ್ಡಿನಲ್ಲಿ ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ನಮ್ಮ ಹಳೆಯ ಬೋರ್ಡಿನಲ್ಲಿ ಇದು ಇರಲಿಲ್ಲ. ಎಲ್ಲ ಸೇರಿ 7,000.

ಬಿಟ್ಟದ್ದು ಯಾವುದನ್ನು? ಗಾಜಿನ ಪಾರ್ಟಿಶನ್ 24,000. ಫಾಲ್ಸ್ ಸೀಲಿಂಗ್ 12,000. ವಾಶ್‌ಬೇಸಿನ್ ಕೆಳಗಿನ ಕಪಾಟು 18,000. ತೂಗುವ ಕಮೋಡಿಗೂ ನೆಲದ ಮೇಲೆ ಕೂರುವ ಕಮೋಡಿಗೂ ವ್ಯತ್ಯಾಸ 20,000. ಇಲ್ಲಿ ನನ್ನ ಪ್ರಶ್ನೆಯೊಂದೇ ಸಾಲಲಿಲ್ಲ ಎಂಬುದನ್ನು ಹೇಳಬೇಕು. ಗೋಡೆಯೊಳಗಿನ ಟ್ಯಾಂಕನ್ನು ಆಮೇಲೆ ಹಾಕಿಸಬೇಕೆಂದರೆ ಒಡೆಯಲೇಬೇಕು, ಆ ಲೆಕ್ಕದಲ್ಲಿ ಅದು ಈಗಲೇ ಆಗಬೇಕಾದ ಕೆಲಸ. ಆದರೆ ಅದಿಲ್ಲದೆ ಮನೆಯಲ್ಲಿ ಯಾರಿಗೂ ತೊಂದರೆಯಿಲ್ಲ. ಅತ್ತೆಯ ಮಂಡಿನೋವಿಗೆ ಬೇಕಾಗಿದ್ದದ್ದು ಎತ್ತರದ ಕಮೋಡ್, ಅದು ನೆಲದ ಮೇಲೆ ಕೂರುವ ಬಗೆಯಲ್ಲೂ ಸಿಗುತ್ತದೆ. ಯಜಮಾನರು ಒಪ್ಪಿಕೊಂಡರು.

ಟೈಲ್ಸ್ ಲೆಕ್ಕವನ್ನು ನೀವೂ ಕಾಗದದ ಮೇಲೆ ಮಾಡಿ ನೋಡಿ. ನೆಲ 40 ಚದರಡಿ. ಗೋಡೆಗೆ 7 ಅಡಿ ಎತ್ತರದವರೆಗೆ, ಬಾಗಿಲು ಕಿಟಕಿ ಕಳೆದು, ಸುಮಾರು 160. ಕತ್ತರಿಸಿ ಹಾಳಾಗುವುದಕ್ಕೆ 10% ಸೇರಿಸಿದರೆ ಒಟ್ಟು 220 ಚದರಡಿ. ಅಡಿಗೆ 140 ರೂಪಾಯಿಯ ಟೈಲ್ಸ್ ಬಿಟ್ಟು 70ರದ್ದು ತೆಗೆದುಕೊಂಡಾಗ ಉಳಿದದ್ದು 15,400. ಟೈಲ್ಸ್, ನಲ್ಲಿ, ಕಮೋಡ್ ಎಲ್ಲಕ್ಕೂ 18% ಜಿಎಸ್‌ಟಿ ಇದೆ. ಅಂಗಡಿಯವರು ಹೇಳುವ ದರದಲ್ಲಿ ಅದು ಸೇರಿದೆಯೇ ಎಂದು ಮೊದಲೇ ಕೇಳಿ. ಮಿಕ್ಕ ಟೈಲ್ಸ್ ವಾಪಸು ಕೊಡದೆ ಅಟ್ಟದ ಮೇಲೆ ಇಡಿ. ಎರಡು ವರ್ಷ ಕಳೆದು ಹೋದರೆ ಅದೇ ಬಣ್ಣ ಸಿಗುವ ಭರವಸೆಯಿಲ್ಲ.

ಇಷ್ಟನ್ನೂ ಕಳೆದಾಗ 2,60,000ದಲ್ಲಿ 89,400 ಇಳಿದು 1,70,600 ಆಯಿತು. ಹಿಡಿಕೆಯದೂ ಕರೆಂಟಿನದೂ ಸೇರಿ 10,200 ಕೂಡಿಸಿದರೆ 1,80,800. ಕೈಯಲ್ಲಿ ಉಳಿದ 19,200 ನಾನು ಅಂದುಕೊಂಡಿದ್ದ 30,000ಕ್ಕಿಂತ ಕಡಿಮೆ, ಆದರೂ ಅದೇ ನಮ್ಮನ್ನು ಕಾಪಾಡಿತು. ನೆಲ ಒಡೆದಾಗ ಹೊರಗಿನ ಚೇಂಬರಿಗೆ ಹೋಗುವ ಹಳೆಯ ಜೇಡಿಮಣ್ಣಿನ ಪೈಪು ಬಿರುಕು ಬಿಟ್ಟಿರುವುದು ಕಂಡಿತು. ಮಲಗುವ ಕೋಣೆಯ ತೇವಕ್ಕೆ ಅರ್ಧ ಕಾರಣ ಅದೇ. ಅದನ್ನು ಬದಲಿಸಲು 16,000 ಹೋಯಿತು. ಆ ಹಣವನ್ನು ಗಾಜಿಗೋ ಕಪಾಟಿಗೋ ಮೊದಲೇ ಕೊಟ್ಟಿದ್ದರೆ, ನೆಲ ಬಗೆದಿಟ್ಟುಕೊಂಡು ಸಾಲಕ್ಕೆ ಓಡಬೇಕಿತ್ತು.

ಗುತ್ತಿಗೆದಾರರಿಗೆ ಹಣವನ್ನು ಹಂತ ಹಂತವಾಗಿ ಕೊಡಿ: ಒಡೆದು ಸಾಗಿಸಿದ ಮೇಲೆ ಒಂದು ಕಂತು, ಪೈಪು ಪರೀಕ್ಷೆ ಮುಗಿದ ಮೇಲೆ ಒಂದು, ನೀರು ನಿಲ್ಲಿಸಿದ ಪರೀಕ್ಷೆ ಮುಗಿದ ಮೇಲೆ ಒಂದು. ಕೊನೆಯ 10% ಅನ್ನು ಮನೆಯವರೆಲ್ಲ ಒಂದು ವಾರ ಬಳಸಿ ನೋಡುವವರೆಗೆ ತಡೆಹಿಡಿಯುವುದೆಂದು ಮೊದಲೇ ಮಾತಾಡಿಕೊಳ್ಳಿ.

ಈ ವರ್ಷ ಬಚ್ಚಲು ಒಡೆಯುವಷ್ಟು ದುಡ್ಡು ಇಲ್ಲದ ಓದುಗರಲ್ಲಿ ನನ್ನದೊಂದು ಕೋರಿಕೆ. ಮನೆಯಲ್ಲಿ ವಯಸ್ಸಾದವರಿದ್ದರೆ ಸ್ಟೀಲ್ ಹಿಡಿಕೆಯನ್ನೂ ಆರ್‌ಸಿಸಿಬಿಯನ್ನೂ ಈ ತಿಂಗಳೇ ಹಾಕಿಸಿ. ಎರಡಕ್ಕೂ ಒಂದು ಟೈಲ್ಸನ್ನೂ ಒಡೆಯಬೇಕಾಗಿಲ್ಲ.