ದುಡಿಮೆ ನಮ್ಮದು, ಪಹಣಿ ಮಾವನದು

ಪ್ರಶ್ನೆ: ನಮ್ಮದು ನಾಲ್ಕು ಎಕರೆ. ರಾಗಿ, ಟೊಮೆಟೊ, ಸ್ವಲ್ಪ ಹಿಪ್ಪುನೇರಳೆ. ಮಾವ ತೀರಿಕೊಂಡು ಮೂರು ವರ್ಷವಾದರೂ ಪಹಣಿ ಅವರ ಹೆಸರಲ್ಲೇ ಇದೆ. ಡ್ರಿಪ್ ಸಬ್ಸಿಡಿ ಕೇಳಲು ಹೋದರೆ ‘ಮೊದಲು ಖಾತೆ ಮಾಡಿಸಿಕೊಂಡು ಬನ್ನಿ’ ಅಂದರು. ಭಾವ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾರೆ. ಖಾತೆಯ ಮಾತೆತ್ತಿದರೆ ‘ಆಗಲೇ ಭಾಗ ಬೇಕಾಯಿತಾ?’ ಎನ್ನುತ್ತಾರೆ. ಅಣ್ಣನ ಎದುರು ನಿಂತು ಮಾತಾಡಲು ನಮ್ಮ ಯಜಮಾನರಿಗೆ ಸಂಕೋಚ. ಪಕ್ಕದ ಹೊಲದವರಿಗೆ ಡ್ರಿಪ್ಪೂ ಬಂತು, ಕೃಷಿ ಹೊಂಡವೂ ಆಯಿತು. ನಮಗೂ ಬರಲಿ ಎನ್ನುವುದು ದುರಾಸೆಯೇ?
– ಹೆಸರು ಬೇಡ, ಅಂಬಾಜಿದುರ್ಗ ಹೋಬಳಿ, ಚಿಂತಾಮಣಿ ತಾಲ್ಲೂಕು

ಉತ್ತರ: ದುರಾಸೆಯಲ್ಲ ತಂಗಿ. ವರ್ಷವಿಡೀ ಹರಿಯುವ ನದಿಯಿಲ್ಲದ, ಬೋರ್‌ವೆಲ್ಲನ್ನೇ ನಂಬಿದ ಸೀಮೆಯಲ್ಲಿ ಡ್ರಿಪ್ ಕೇಳುವುದು ಬದುಕಿನ ಮಾತು. ಆದರೆ ಸರ್ಕಾರ ಕೆಸರು ಮೆತ್ತಿದ ಕೈ ನೋಡುವುದಿಲ್ಲ, ಪಹಣಿಯಲ್ಲಿರುವ ಹೆಸರು ನೋಡುತ್ತದೆ. ಪಹಣಿ ಇದ್ದರೆ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ. ಎಫ್‌ಐಡಿ ಇದ್ದರೆ ಡ್ರಿಪ್, ಬರ ಪರಿಹಾರ, ಬೆಂಬಲ ಬೆಲೆಗೆ ರಾಗಿ ಮಾರಾಟ. ತೀರಿಹೋದವರ ಹೆಸರಲ್ಲಿ ಇದಾವುದೂ ನಡೆಯದು. ಹೊಲ ಗುತ್ತಿಗೆಗೆ ಹಾಕಿಕೊಂಡವರ ಪಾಡಂತೂ ಇನ್ನೂ ಕಷ್ಟ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿಗೆ ಕಾನೂನಿನ ಮಾನ್ಯತೆಯೇ ಇಲ್ಲವಾದ್ದರಿಂದ ಅವರು ಬೆಳೆ ತೆಗೆದರೂ ಸವಲತ್ತು ಜಮೀನಿನವರಿಗೆ ಹೋಗುತ್ತದೆ. ನಿಮಗೆ ಹಕ್ಕಿದೆ, ಕಾಗದವಷ್ಟೇ ಆಗಬೇಕು.

ಭಾವನ ಸಿಟ್ಟಿಗೆ ಕಾರಣ ಒಂದು ತಪ್ಪು ತಿಳಿವಳಿಕೆ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಬೇರೆ, ಭಾಗ ಬೇರೆ. ಮಾವ ವಿಲ್ ಬರೆದಿಲ್ಲವಾದರೆ ಅತ್ತೆ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ವಾರಸುದಾರರು. ಅಷ್ಟೂ ಜನರ ಹೆಸರು ಜಂಟಿಯಾಗಿ ಪಹಣಿಗೆ ಬರುತ್ತದೆಯೇ ಹೊರತು ಹೊಲಕ್ಕೆ ಬದು ಬೀಳುವುದಿಲ್ಲ. ಭಾವನ ಹಕ್ಕೂ ಕರಗುವುದಿಲ್ಲ; ಇಂದು ಕಾಗದದಲ್ಲಿ ಇಲ್ಲದ ಅವರ ಹೆಸರೂ ಸೇರುತ್ತದೆ. ನಾದಿನಿಯರಿದ್ದರೆ ಅವರನ್ನು ಬಿಟ್ಟು ವಂಶವೃಕ್ಷ ಮಾಡಿಸಬೇಡಿ, ಮುಂದೆ ಅದೇ ತಕರಾರಾಗುತ್ತದೆ.

ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಯ ವಿಷಯದಲ್ಲೂ ಜಗಳಕ್ಕೆ ಜಾಗವಿಲ್ಲ. ಅಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು. ಭಾವ ಆದಾಯ ತೆರಿಗೆ ಕಟ್ಟುವವರಾದರೆ ಅವರಿಗೆ ಅದು ಸಿಗುವುದೇ ಇಲ್ಲ. ನಿಮಗೆ ಸಿಕ್ಕರೆ ಅವರಿಗೆ ನಷ್ಟವೂ ಇಲ್ಲ. 2019ರ ಫೆಬ್ರುವರಿ 1ರ ನಂತರ ಜಮೀನು ಕೈಬದಲಾದವರನ್ನು ಯೋಜನೆ ಸೇರಿಸಿಕೊಳ್ಳದಿದ್ದರೂ ಸಾವಿನಿಂದ ಬಂದ ವಾರಸುದಾರಿಕೆಗೆ ವಿನಾಯಿತಿ ಇದೆ.

ಈ ಮಾತನ್ನು ನೀವಾಗಲಿ ಯಜಮಾನರಾಗಲಿ ಎತ್ತುವುದಕ್ಕಿಂತ ಅತ್ತೆ ಎತ್ತಿದರೆ ಚೆನ್ನ. ಅವರೂ ವಾರಸುದಾರರೇ. ‘ನಿಮ್ಮಪ್ಪನ ಹೆಸರಲ್ಲಿರುವುದು ನಮ್ಮೆಲ್ಲರ ಹೆಸರಿಗೆ ಬರಲಿ’ ಎಂದು ತಾಯಿ ಹೇಳಿದರೆ ಅದು ಭಾಗದ ಮಾತಾಗಿ ಕೇಳಿಸದು. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲರ ಆಧಾರ್, ಪಹಣಿ ಹಿಡಿದು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಖಾತೆಯಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಯಜಮಾನರ ಎಫ್‌ಐಡಿ ಮಾಡಿಸಿ. ಟೊಮೆಟೊಗೆ ತೋಟಗಾರಿಕೆ ಇಲಾಖೆ, ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ. ಎರಡು ಹೆಕ್ಟೇರ್‌ವರೆಗೆ ಡ್ರಿಪ್‌ಗೆ ನಿಗದಿತ ವೆಚ್ಚದ ಶೇ 90ರಷ್ಟು ಸಹಾಯಧನವಿದೆ. ನಿಮ್ಮ ನಾಲ್ಕು ಎಕರೆ ಅದರೊಳಗೇ ಬರುತ್ತದೆ. ಜಂಟಿ ಖಾತೆಗೆ ಉಳಿದವರ ಒಪ್ಪಿಗೆ ಪತ್ರ ಕೇಳಬಹುದು, ಆದ್ದರಿಂದ ಮನಸ್ಸು ಮುರಿಯದಂತೆ ಮುಂದುವರಿಯಿರಿ.

ಅಲ್ಲಿಯವರೆಗೆ ಪಹಣಿ ಕೇಳದ ಒಂದು ಸವಲತ್ತಿದೆ. ಹಾಲಿಗೆ ಸರ್ಕಾರ ಕೊಡುವ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಜಮೀನಿನವರಿಗಲ್ಲ, ಡೇರಿಗೆ ಹಾಲು ಹಾಕುವವರಿಗೆ. ಹಸು ಕಟ್ಟಿದ್ದರೆ ಊರಿನ ಡೇರಿಯಲ್ಲಿ ನಿಮ್ಮ ಹೆಸರಿಗೇ ಸದಸ್ಯತ್ವ ಮಾಡಿಸಿ, ಹಣ ನಿಮ್ಮ ಬ್ಯಾಂಕ್ ಖಾತೆಗೇ ಬರಲಿ.

ಖಾತೆಯಾಗದೆ ಯಾವ ಕಚೇರಿ ಸುತ್ತಿದರೂ ಬಸ್ ಚಾರ್ಜು ದಂಡ. ಮುಂದಿನ ಹಬ್ಬಕ್ಕೆ ಭಾವ ಊರಿಗೆ ಬರುವಷ್ಟರಲ್ಲಿ ಕಾಗದ ಜೋಡಿಸಿಟ್ಟುಕೊಳ್ಳಿ, ಅವರನ್ನೂ ಕರೆದುಕೊಂಡೇ ನಾಡಕಚೇರಿಗೆ ಹೋಗಿ.